ಮತ ಎಲ್ಲರದು, ಬೀಗದ ಕೈ ಕೆಲವರದು

ಮಾನ್ಯ ಸಂಪಾದಕರೇ,

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಪತ್ರಿಕೆಗಳಿಗೆ ನೆನಪಾಗುವುದು ಅಕ್ಟೋಬರ್ 16ರ ವಿಶ್ವ ಆಹಾರ ದಿನದಂದು, ಇಲ್ಲವೇ ಅದರ ಮಹಾನಿರ್ದೇಶಕರ ಚುನಾವಣೆ ಬಂದಾಗ. ಆ ಚುನಾವಣೆಯ ವರದಿಯೂ ಕುಸ್ತಿಯ ವರದಿಯಂತೆಯೇ ಇರುತ್ತದೆ; ಗೆದ್ದ ದೇಶ, ಸೋತ ದೇಶ, ಅಲ್ಲಿಗೆ ಮುಗಿಯಿತು. ಗೆದ್ದವರ ಕೈಗೆ ನಿಜಕ್ಕೂ ಸಿಕ್ಕಿದ್ದೇನು ಎಂದು ಯಾರೂ ಕೇಳುವುದಿಲ್ಲ.

ನಿಯಮಾವಳಿ ಓದಿದರೆ ಇಷ್ಟು ಸಮಾನತೆಯ ಮನೆ ಇನ್ನೊಂದಿಲ್ಲ ಅನಿಸುತ್ತದೆ. 190ಕ್ಕೂ ಹೆಚ್ಚು ದೇಶಗಳು, ಜೊತೆಗೆ ಯುರೋಪಿಯನ್ ಒಕ್ಕೂಟ ಇದರ ಸದಸ್ಯರು. ಎರಡು ವರ್ಷಕ್ಕೊಮ್ಮೆ ರೋಮ್‌ನಲ್ಲಿ ಸೇರುವ ಮಹಾಸಮ್ಮೇಳನವೇ ಎಲ್ಲಕ್ಕೂ ಮೇಲು. ಅಲ್ಲಿ 140 ಕೋಟಿ ಜನರ ಚೀನಾಕ್ಕೂ ಒಂದೇ ಮತ, 10 ಸಾವಿರದ ಆಸುಪಾಸಿನ ಜನರಿರುವ ಟುವಾಲು ದ್ವೀಪಕ್ಕೂ ಒಂದೇ ಮತ. ಎರಡು ಸಮ್ಮೇಳನಗಳ ನಡುವೆ 49 ದೇಶಗಳ ಮಂಡಳಿ ಉಸ್ತುವಾರಿ ನೋಡುತ್ತದೆ. 1981ರಿಂದ 1985ರವರೆಗೆ ಎಂ.ಎಸ್. ಸ್ವಾಮಿನಾಥನ್ ಅದರ ಸ್ವತಂತ್ರ ಅಧ್ಯಕ್ಷರಾಗಿದ್ದರು.

ಮಹಾನಿರ್ದೇಶಕರ ಕುರ್ಚಿಗೂ ಈಗ ಕಡಿವಾಣವಿದೆ. ಲೆಬನಾನಿನ ಎಡ್ವರ್ಡ್ ಸೌಮಾ, ಸೆನೆಗಲ್‌ನ ಜಾಕ್ ಡಿಯೂಫ್ ತಲಾ ಸುಮಾರು 18 ವರ್ಷ ಅಲ್ಲಿ ಕುಳಿತರು. ಅದಾದ ಮೇಲೆ ನಾಲ್ಕು ವರ್ಷದ ಅವಧಿ, ಹೆಚ್ಚೆಂದರೆ ಎರಡು ಸಲ. ತಡವಾಗಿಯಾದರೂ ಬಂದ ಒಳ್ಳೆಯ ಬುದ್ಧಿ.

ಆದರೆ ಮತದಾನ ಗುಪ್ತ. 2019ರ ಜೂನ್‌ನಲ್ಲಿ ಚೀನಾದ ಕ್ಯು ಡೊಂಗ್ಯು ಮೊದಲ ಸುತ್ತಿನಲ್ಲೇ 108 ಮತ ಪಡೆದು ಗೆದ್ದರು. ಫ್ರಾನ್ಸ್‌ನ ಅಭ್ಯರ್ಥಿಗೆ 71, ಜಾರ್ಜಿಯಾದವರಿಗೆ 12. ಆ 108 ದೇಶಗಳು ಯಾವುವು ಎಂಬುದಕ್ಕೆ ದಾಖಲೆಯಿಲ್ಲ. ಸಾಲದ ಹೊರೆ ಹೊತ್ತ ಸಣ್ಣ ದೇಶಕ್ಕೆ ದೊಡ್ಡವರ ಕಣ್ಣು ತಪ್ಪಿಸಲು ಈ ಪರದೆ ಬೇಕು, ಒಪ್ಪುತ್ತೇನೆ. ಆದರೆ ಚೀಟಿ ಹಾಕುವ ಪ್ರತಿನಿಧಿ ತನ್ನ ಸ್ವಂತಕ್ಕೆ ಹಾಕುತ್ತಿಲ್ಲವಲ್ಲ! ಅವರು ಯಾರ ಹೆಸರಿನಲ್ಲಿ ಮತ ಹಾಕಿದರೋ ಆ ರೈತ, ಆ ಮೀನುಗಾರನಿಗೂ ಪರದೆಯ ಆಚೆ ಏನಾಯಿತೆಂದು ತಿಳಿಯುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ದುಡ್ಡಿನ ವಿಷಯ. ಸಮ್ಮೇಳನ ಮತ ಹಾಕಿ ಮಂಜೂರು ಮಾಡುವುದು ಸದಸ್ಯರು ಕಟ್ಟುವ ವಂತಿಗೆಯ ಬಜೆಟ್ಟನ್ನು. ಬೆಲೆಗಳೆಲ್ಲ ಏರುತ್ತಿದ್ದರೂ ಅದು ಒಂದು ದಶಕದ ಕಾಲ ಎರಡು ವರ್ಷಕ್ಕೆ 100.56 ಕೋಟಿ ಡಾಲರ್‌ನಲ್ಲೇ ನಿಂತಿತ್ತು. ಸಂಸ್ಥೆಯ ಒಟ್ಟು ಖರ್ಚಿನ ಮೂರನೇ ಎರಡು ಭಾಗದಷ್ಟು ಬರುವುದು ದಾನಿಗಳು ಸ್ವಇಚ್ಛೆಯಿಂದ ಕೊಡುವ ಹಣದಿಂದ. ಅದರಲ್ಲೂ ಹೆಚ್ಚಿನದಕ್ಕೆ ಇಂಥ ದೇಶಕ್ಕೆ, ಇಂಥ ಯೋಜನೆಗೆ ಎಂಬ ಚೀಟಿ ಅಂಟಿರುತ್ತದೆ. ಮನೆಯ ಯಜಮಾನಿಕೆ ಎಲ್ಲರದು, ಉಗ್ರಾಣದ ಬೀಗದ ಕೈ ಕೆಲವರ ಸೊಂಟದಲ್ಲಿ.

2020ರ ಮಿಡತೆ ಹಾವಳಿಯನ್ನೇ ನೋಡಿ. ಮರುಭೂಮಿ ಮಿಡತೆಯ ಮೇಲೆ ಕಣ್ಣಿಟ್ಟು ಎಚ್ಚರಿಸುವುದು ಈ ಸಂಸ್ಥೆಯ ಹಳೆಯ ಕೆಲಸ. ಕೀನ್ಯಾ, ಇಥಿಯೋಪಿಯಾ, ಸೊಮಾಲಿಯಾಗಳ ಮೇಲೆ ದಂಡು ಇಳಿದಾಗ ಎಚ್ಚರಿಕೆಯೇನೋ ಹೋಯಿತು; ಔಷಧ ಸಿಂಪಡಿಸಲು ವಿಮಾನ ಹಾರಿಸಬೇಕಾದರೆ ದಾನಿಗಳ ಮುಂದೆ ಕೈಚಾಚಬೇಕಾಯಿತು. ಅನುಕೂಲ ಸಿಕ್ಕರೆ ಮಿಡತೆ ಮೂರು ತಿಂಗಳಲ್ಲಿ 20 ಪಟ್ಟಾಗುತ್ತದೆ. ಅದು ಚೆಕ್ಕಿನ ದಾರಿ ಕಾಯುತ್ತಾ ಕೂರುವ ಪ್ರಾಣಿಯಲ್ಲ. ಆ ಹೊತ್ತಿನಲ್ಲಿ ಟುವಾಲುವಿನ ಒಂದು ಮತದಿಂದಾಗಲಿ, ಸೊಮಾಲಿಯಾದ ಒಂದು ಮತದಿಂದಾಗಲಿ ಒಂದು ಡಬ್ಬಿ ಔಷಧವೂ ಬರುವುದಿಲ್ಲ.

ದಾನಿಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವರು ಕೊಡದಿದ್ದರೆ ಆ ವಿಮಾನಗಳೂ ಏಳುತ್ತಿರಲಿಲ್ಲ. ಚೀಟಿ ಅಂಟಿಸದೆ ಕೊಡಿ, ಎಲ್ಲಿಗೆ ಮೊದಲು ಎಂಬುದನ್ನು ಮಂಡಳಿ ತೀರ್ಮಾನಿಸಲಿ ಎಂಬುದಷ್ಟೇ ಮಾತು.

ಈಗಿನ ಮಹಾನಿರ್ದೇಶಕರ ಎರಡನೇ ಅವಧಿ 2027ರ ಜುಲೈಗೆ ಮುಗಿಯುತ್ತದೆ. ಹೊಸ ಅಭ್ಯರ್ಥಿಗಳ ಹೆಸರು ಹೊರಬಿದ್ದಾಗ ಅವರ ದೇಶದ ಧ್ವಜದ ಜೊತೆಗೆ ಇದನ್ನೂ ದಯವಿಟ್ಟು ಅಚ್ಚು ಹಾಕಿ: ಆ ದೇಶ ತನ್ನ ವಂತಿಗೆ ಹೊತ್ತಿಗೆ ಸರಿಯಾಗಿ ಕಟ್ಟಿದೆಯೇ, ಅದರ ಮೇಲೆ ಕೊಟ್ಟ ಹಣಕ್ಕೆ ಯಾವ ಚೀಟಿ ಅಂಟಿಸಿದೆ?

ಇಂತಿ,
ನಿಮ್ಮ ಒಬ್ಬ ಓದುಗ