ವಿಮಾನ ತಡವಾದರೂ ಚಿಂತೆಯಿಲ್ಲ, ಅಂಕಿಗಳು ತಾಳೆಯಾಗಲಿ

ಮಾನ್ಯರೇ,

ಶಿವಮೊಗ್ಗ ಬಳಿಯ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್ 31ರಂದು ಸಂಚಾರ ಆರಂಭವಾದ ಮೇಲೆ, ಮಂಜು ಮಳೆಗಳಿಂದ ವಿಮಾನ ತಡವಾಗುತ್ತದೆಂಬ ದೂರು ನಮ್ಮ ಊರುಗಳಲ್ಲಿ ಆಗಾಗ ಕೇಳಿಬರುತ್ತಿದೆ. ಪ್ರಯಾಣಿಕರ ತೊಂದರೆ ನಿಜವಾದದ್ದೇ. ಬೆಂಗಳೂರಿನ ಆಸ್ಪತ್ರೆಯಲ್ಲಿ ಸಮಯ ಗೊತ್ತುಮಾಡಿಕೊಂಡವರಿಗೆ ಒಂದು ಗಂಟೆಯೂ ದೊಡ್ಡದು. ಆದರೆ ತಡವಾಗಿ ಬಂದ ವಿಮಾನವನ್ನು ನೆಲದ ಮೇಲೆ ಅಷ್ಟು ಹೊತ್ತು ಏಕೆ ನಿಲ್ಲಿಸಬೇಕು, ಕೂಡಲೇ ತಿರುಗಿಸಿ ಕಳುಹಿಸಬಾರದೇ ಎಂಬ ಮಾತು ನನಗೆ ಆತಂಕ ತರುತ್ತದೆ. ಆ ಹೊತ್ತಿನಲ್ಲಿ ಕಾಕ್‌ಪಿಟ್‌ನಲ್ಲಿ ನಡೆಯುವ ಕೆಲಸ ಏನೆಂಬುದು ಎಲ್ಲರಿಗೂ ತಿಳಿದಿರಬೇಕು.

ಇಂದಿನ ವಿಮಾನ ಬಹುಪಾಲು ದಾರಿಯನ್ನು ಕಂಪ್ಯೂಟರ್ ತೋರಿಸಿದಂತೆ ಕ್ರಮಿಸುತ್ತದೆ. ಹೊರಡುವ ಮೊದಲು ಒಬ್ಬ ಪೈಲಟ್ ಮಾರ್ಗಬಿಂದುಗಳು, ರನ್‌ವೇ, ವಿಮಾನದ ತೂಕ ಮುಂತಾದವನ್ನು ಕೀಲಿಮಣೆಯಲ್ಲಿ ತುಂಬಬೇಕು, ಇನ್ನೊಬ್ಬರು ಅವನ್ನು ಕಾಗದಪತ್ರ ಮತ್ತು ನಕ್ಷೆಯೊಂದಿಗೆ ತಾಳೆ ನೋಡಬೇಕು. ಕೊಟ್ಟ ಅಂಕಿ ತಪ್ಪಾಗಿದ್ದರೆ ಕಂಪ್ಯೂಟರ್ ಅದನ್ನೇ ನಂಬಿಕೊಂಡು ಲೆಕ್ಕ ಮುಂದುವರಿಸುತ್ತದೆ. 2015ರ ಮಾರ್ಚ್ 10ರಂದು ಸಿಡ್ನಿಯಿಂದ ಕೌಲಾಲಂಪುರಕ್ಕೆ ಹೊರಟಿದ್ದ ಏರ್‌ಏಷ್ಯಾ ಎಕ್ಸ್ ವಿಮಾನದಲ್ಲಿ ಆದದ್ದು ಇದೇ. ಸಿಡ್ನಿಯ ರೇಖಾಂಶ ಪೂರ್ವಕ್ಕೆ 151 ಡಿಗ್ರಿ 9.8 ನಿಮಿಷ, ತುಂಬಿದ್ದು 15 ಡಿಗ್ರಿ 19.8 ನಿಮಿಷ. ಇಷ್ಟರಿಂದಲೇ ವಿಮಾನ ತಾನು ನಿಜವಾದ ಜಾಗದಿಂದ 11,000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಆಫ್ರಿಕದ ದಕ್ಷಿಣ ತುದಿಯ ಬಳಿ ಇದ್ದೇನೆಂದು ತಿಳಿಯಿತು. ನೆಲದ ಮೇಲಿದ್ದಾಗಲೇ ಕಂಡುಹಿಡಿಯಲು ಸುಳಿವುಗಳಿದ್ದವು, ಯಾವುದೂ ಗಮನಕ್ಕೆ ಬರಲಿಲ್ಲ. ಮೇಲೇರಿದ ಮೇಲೆ ದಾರಿ ತೋರುವ ವ್ಯವಸ್ಥೆಗಳು ಕೈಕೊಟ್ಟು, ಕೊನೆಗೆ ಆ ವಿಮಾನ ಮೆಲ್ಬೋರ್ನ್‌ನಲ್ಲಿ ಕ್ಷೇಮವಾಗಿ ಇಳಿಯಿತು.

ಕೊಲಂಬಿಯಾದ ಕಾಲಿ ನಗರಕ್ಕೆ ಹೊರಟವರಿಗೆ ಆ ಅದೃಷ್ಟ ಇರಲಿಲ್ಲ. ಗುಡ್ಡಗಳ ನಡುವಿನ ಕಣಿವೆಯಲ್ಲಿರುವ ನಿಲ್ದಾಣವದು. ಮಲೆನಾಡಿನವರಾದ ನಾವು ಈ ಅಪಘಾತವನ್ನು ವಿಶೇಷವಾಗಿ ನೆನಪಿಡಬೇಕು. 1995ರ ಡಿಸೆಂಬರ್ 20ರ ರಾತ್ರಿ, ಮಯಾಮಿಯಿಂದ ಸುಮಾರು ಎರಡು ಗಂಟೆ ತಡವಾಗಿ ಹೊರಟಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ವಿಮಾನಕ್ಕೆ, ಸುತ್ತಿ ಬರುವ ಬದಲು ನೇರವಾಗಿ ಇಳಿಯುವ ಅವಕಾಶ ಸಿಕ್ಕಿತು. ಪೈಲಟ್‌ಗಳು ಒಪ್ಪಿದರು. ಆ ಕ್ಷಣದಿಂದ ಅವರಿಗೆ ಸಮಯವೇ ಸಾಲಲಿಲ್ಲ. ಹತ್ತಿರದ ರೋಸೊ ಎಂಬ ರೇಡಿಯೊ ಸಂಕೇತ ಕೇಂದ್ರಕ್ಕೆ ಹೋಗಲು ಕ್ಯಾಪ್ಟನ್ ನಕ್ಷೆಯಲ್ಲಿದ್ದಂತೆ ‘ಆರ್’ ಎಂಬ ಒಂದೇ ಅಕ್ಷರ ಒತ್ತಿದರು; ಕಂಪ್ಯೂಟರಿನ ದತ್ತಾಂಶದಲ್ಲಿ ಆ ಅಕ್ಷರಕ್ಕೆ ಸಿಗುತ್ತಿದ್ದುದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೊಗೊಟಾ ಬಳಿಯ ರೋಮಿಯೊ ಕೇಂದ್ರ. ಇಬ್ಬರೂ ಸೇರಿ ಪರೀಕ್ಷಿಸುವ ಮೊದಲೇ ಆದೇಶ ಜಾರಿಯಾಗಿ, ವಿಮಾನ ಎಡಕ್ಕೆ ತಿರುಗಿ ಬೆಟ್ಟಸಾಲಿನ ಕಡೆ ಸಾಗಿತು. ಒಂದು ನಿಮಿಷದಷ್ಟರಲ್ಲಿ ತಪ್ಪು ಗೊತ್ತಾಗಿ ಹಿಂದಿರುಗಲು ಹೊರಟರೂ ಇಳಿಯುವುದನ್ನು ನಿಲ್ಲಿಸಿರಲಿಲ್ಲ. 163 ಜನರಲ್ಲಿ 159 ಮಂದಿ ತೀರಿಕೊಂಡರು. ಒಂದೇ ಅಕ್ಷರಕ್ಕೆ ಎರಡು ಕೇಂದ್ರಗಳಿದ್ದದ್ದು ಆ ಪೈಲಟ್‌ಗಳ ಅಪರಾಧವಲ್ಲ, ಆದರೆ ಪರದೆಯನ್ನು ನಕ್ಷೆಯೊಂದಿಗೆ ತಾಳೆ ನೋಡಲು ಬೇಕಿದ್ದ ಅರ್ಧ ನಿಮಿಷವನ್ನು ಅವಸರವೇ ಕಸಿದುಕೊಂಡಿತೆಂದು ನನ್ನ ದೃಢವಾದ ಅಭಿಪ್ರಾಯ.

ತೂಕದ ವಿಷಯದಲ್ಲೂ ಹೀಗೆಯೇ. 2009ರ ಮಾರ್ಚ್‌ನಲ್ಲಿ ಮೆಲ್ಬೋರ್ನ್‌ನಿಂದ ಹೊರಟ ಎಮಿರೇಟ್ಸ್ ವಿಮಾನದಲ್ಲಿ 362 ಟನ್‌ಗೆ ಬದಲಾಗಿ 262 ಟನ್ ಎಂದು ತುಂಬಲಾಗಿತ್ತು. ಬಾಲ ನೆಲಕ್ಕೆ ಉಜ್ಜಿ, ರನ್‌ವೇ ಮುಗಿದ ಮೇಲೆ ವಿಮಾನ ಹೇಗೋ ಮೇಲೆದ್ದಿತು. ನಮ್ಮ ಅಡಿಕೆ ಮಂಡಿಯಲ್ಲಿ ತೂಕದ ಚೀಟಿಯನ್ನು ಇನ್ನೊಂದು ಜೊತೆ ಕಣ್ಣು ನೋಡದೆ ಹಣ ಕೈ ಬದಲಾಗುವುದಿಲ್ಲ. ಮನುಷ್ಯರ ಜೀವಕ್ಕೆ ಅಷ್ಟಾದರೂ ಎಚ್ಚರ ಬೇಡವೇ?

ತಪ್ಪೆಲ್ಲ ಕೀಲಿ ಒತ್ತಿದವರದೇ ಎಂದೂ ಹೇಳಲಾಗದು. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಬಡಿದು 257 ಜನರು ಸತ್ತ ಏರ್ ನ್ಯೂಜಿಲೆಂಡ್ ವಿಮಾನದ ಪೈಲಟ್‌ಗಳು ತಮಗೆ ಕೊಟ್ಟ ಅಂಕಿಗಳನ್ನೇ ತುಂಬಿದ್ದರು. ಅವರಿಗೆ ಮೊದಲು ವಿವರಿಸಿದ ಮಾರ್ಗ ಬೇರೆ. ಹೊರಡುವ ಹಿಂದಿನ ರಾತ್ರಿ ಸಂಸ್ಥೆಯವರು ಅಂಕಿಗಳನ್ನು ಬದಲಿಸಿ, ಅವರಿಗೆ ತಿಳಿಸಿರಲಿಲ್ಲ. ಆದ್ದರಿಂದಲೇ ತುಂಬಿದ್ದು ಕಾಗದದೊಂದಿಗೆ ಹೊಂದಿದರೆ ಸಾಲದು, ದಾರಿ ಎಲ್ಲಿಗೆ ಹೋಗುತ್ತದೆಂದು ನಕ್ಷೆಯಲ್ಲಿ ನೋಡುವ ವ್ಯವಧಾನವೂ ಇರಬೇಕು. ಉಪಕರಣ ಯಾವ ವಿಧಾನದಲ್ಲಿ ಕೆಲಸ ಮಾಡುತ್ತಿದೆಯೆಂಬುದು ಸಕಾಲದಲ್ಲಿ ತಿಳಿಯದಿದ್ದರೆ ಏನಾಗುತ್ತದೆಂದು, 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಘಾತದಲ್ಲಿ 92 ಜನರನ್ನು ಕಳೆದುಕೊಂಡ ನಮ್ಮ ರಾಜ್ಯಕ್ಕೆ ಹೊರಗಿನವರು ಹೇಳಿಕೊಡಬೇಕಿಲ್ಲ.

ಈಗ ವಿಮಾನಗಳಲ್ಲಿ ಗುಡ್ಡ ಹತ್ತಿರವಾದರೆ ಕೂಗಿ ಎಚ್ಚರಿಸುವ ಉತ್ತಮ ಯಂತ್ರಗಳಿವೆ, ಒಪ್ಪುತ್ತೇನೆ. ಅವು ಕೊನೆಯ ಆಸರೆ. ಜಡಿಮಳೆಯಲ್ಲಿ, ಮೋಡ ನೆಲಕ್ಕಿಳಿದ ಬೆಳಗಿನಲ್ಲಿ, ಇಳಿಯುವ ಕ್ರಮವನ್ನೇ ಕೊನೆ ಗಳಿಗೆಯಲ್ಲಿ ಬದಲಿಸಬೇಕಾಗಿ ಬರುವ ನಮ್ಮಂಥ ಕಡೆ ಮೊದಲ ಆಸರೆಯೇ ಗಟ್ಟಿಯಾಗಿರಬೇಕು.

ಸೋಗಾನೆಯ ಸಮಯಪಾಲನೆಯ ಬಗ್ಗೆ ವಿಮಾನ ಸಂಸ್ಥೆಗಳನ್ನು ಪ್ರಶ್ನಿಸುವ ನಮ್ಮ ಜನಪ್ರತಿನಿಧಿಗಳು ಮತ್ತು ವರ್ತಕರ ಸಂಘಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂದು ನನ್ನ ಕೋರಿಕೆ: ತಡವಾಗಿ ಬಂದ ದಿನವೂ ಮುಂದಿನ ಹಾರಾಟಕ್ಕೆ ಮುನ್ನ ಇಬ್ಬರು ಪೈಲಟ್‌ಗಳಿಗೂ ಅಂಕಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಲು ಯಾರೂ ಅಡ್ಡಿಪಡಿಸದ ಸಮಯವನ್ನು ಮೀಸಲಿಡಲಾಗುತ್ತಿದೆಯೇ? ಅದಕ್ಕೆ ಬರುವ ಉತ್ತರವನ್ನು ತಾವು ಪತ್ರಿಕೆಯಲ್ಲಿ ಪ್ರಕಟಿಸಿದರೆ ಪ್ರಯಾಣಿಕರಿಗೆ ಉಪಕಾರವಾಗುತ್ತದೆ.

– ಒಬ್ಬ ಓದುಗ, ತೀರ್ಥಹಳ್ಳಿ