ನಲ್ಲಿಯ ಪಕ್ಕ ಕುಳಿತ ಅಕ್ಕನಿಗೆ

ಕಳೆದ ಭಾನುವಾರ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ನನ್ನ ಮೊದಲ ಕಥಾಸಂಕಲನ ಬಿಡುಗಡೆಯಾಯಿತು. 1945ರಲ್ಲಿ ಆರಂಭವಾದ ಆ ಸಂಸ್ಥೆಯ ಮಕ್ಕಳ ಗ್ರಂಥಾಲಯದಲ್ಲಿ, ಮನೆಗೆ ಹೋಗಲು ಮನಸ್ಸಿಲ್ಲದ ಎಷ್ಟೋ ಸಂಜೆಗಳನ್ನು ಕಳೆದವಳು ನಾನು. ಹಾಗಾಗಿ ಬೇರೆ ಜಾಗ ಹುಡುಕಲಿಲ್ಲ. ಕರಡು ತಿದ್ದಿದ ಗೆಳತಿಯರು, ಮುಖಪುಟ ರಚಿಸಿದವರು, ಮುದ್ರಕರು, ನನ್ನ ಗೊಣಗಾಟ ಕೇಳಿಸಿಕೊಂಡ ಸಹೋದ್ಯೋಗಿಗಳು, ಮಳೆಯಲ್ಲೂ ಬಂದು ಕುರ್ಚಿ ತುಂಬಿಸಿದ ನೀವು, ಎಲ್ಲರಿಗೂ ನಾನು ಋಣಿ.

ಆದರೆ ಈ ಬರಹ ಒಬ್ಬರಿಗಾಗಿ. ವೇದಿಕೆಯ ಮೇಲೆ ಅವರ ವಿಷಯ ಹೇಳಹೊರಟು ಗಂಟಲು ಕಟ್ಟಿ ಕುಳಿತುಬಿಟ್ಟೆ.

1988ರ ಬೇಸಿಗೆ, ನನಗೆ ಹನ್ನೊಂದು ವರ್ಷ. ಹನುಮಂತನಗರದ ವಠಾರದಲ್ಲಿ ನಮ್ಮದು ಎರಡನೇ ಮನೆ, ಸರ್ಕಾರಿ ಕಚೇರಿಯಲ್ಲಿ ಕನ್ನಡ ಶೀಘ್ರಲಿಪಿಗಾರ್ತಿಯಾಗಿದ್ದ ಅಕ್ಕನದು ಮೂರನೆಯದು. ಅಮ್ಮನಿಗೂ ನನಗೂ ಆಗಿಬರುತ್ತಿರಲಿಲ್ಲವೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು, ವಿವರ ಬೇಡ. ಅವಳ ಮುಂದೆ ಆಡಲಾಗದ್ದನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಥೆ ಕಟ್ಟಿ ಬರೆಯುತ್ತಿದ್ದೆ. ಕಥೆಯ ಹುಡುಗಿಯನ್ನು ಬೈದವರೆಲ್ಲ ಕಡೆಗೆ ಅವಳ ಕ್ಷಮೆ ಕೇಳುತ್ತಿದ್ದರು. ಒಂದು ರಾತ್ರಿ ಅಮ್ಮ ಅದನ್ನು ಓದಿದಳು. ಒಂದು ಮಾತೂ ಆಡದೆ ಬಚ್ಚಲ ಹಂಡೆಯ ಒಲೆ ಹಚ್ಚಿ ಅದರೊಳಗೆ ತುರುಕಿದಳು. ರಟ್ಟು ಬೇಗ ಹೊತ್ತಿಕೊಳ್ಳಲಿಲ್ಲ. ಊದುಗೊಳವೆಯಿಂದ ಅವಳು ಅದನ್ನು ಒಳಕ್ಕೆ ತಳ್ಳಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ.

ನಾನು ಹೊರಬಂದು ನಲ್ಲಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಏರಿ ಬರುವ ಕಾವೇರಿ ನೀರು ನಮ್ಮ ವಠಾರ ಮುಟ್ಟುತ್ತಿದ್ದುದು ರಾತ್ರಿ ಎರಡರ ಮೇಲೆ. ಸರದಿಗೆ ಕೊಡವಿಡಲು ಬಂದ ಅಕ್ಕ ನನಗೆ ಸಮಾಧಾನ ಹೇಳಲಿಲ್ಲ, ಅಮ್ಮನನ್ನು ಬೈಯಲೂ ಇಲ್ಲ. ಒಳಗಿನಿಂದ ಪೆನ್ಸಿಲನ್ನೂ ಶೀಘ್ರಲಿಪಿಯ ಪುಸ್ತಕವನ್ನೂ ತಂದು, "ಎಷ್ಟು ನೆನಪಿದೆಯೋ ಅಷ್ಟು ಹೇಳ್ತಾ ಹೋಗು, ನನ್ನ ಕೈ ಓಡುತ್ತೆ" ಎಂದರು. ಬೀದಿದೀಪದ ಬೆಳಕಿನಲ್ಲಿ ನಾನು ಬಿಕ್ಕುತ್ತಾ ಹೇಳಿದಂತೆಲ್ಲ ಗೆರೆ, ಕೊಕ್ಕೆ, ಚುಕ್ಕೆಗಳು ಪುಟ ತುಂಬಿದವು. ನೀರು ಬಂದಾಗ ಎದ್ದು ತಮ್ಮ ಕೊಡಗಳ ಜೊತೆಗೆ ನಮ್ಮವನ್ನೂ ತುಂಬಿಸಿ, ಮತ್ತೆ ಬಂದು ಹಾಲಿನವನು ಬರುವವರೆಗೆ ಕುಳಿತರು. ಅದೇ ವಾರ ಹನ್ನೊಂದು ಪುಟ ಟೈಪ್ ಮಾಡಿಕೊಟ್ಟರು, ಕಾರ್ಬನ್ ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ಆಮೇಲೂ ಬರೆಯಲು ಹೆದರಿಕೆಯಾದಾಗಲೆಲ್ಲ ಅವರ ಮುಂದೆ ಕುಳಿತು ಹೇಳುತ್ತಿದ್ದೆ. ಆ ಲಿಪಿ ವಠಾರದಲ್ಲಿ ಬೇರೆ ಯಾರಿಗೂ ಓದಲು ಬರುತ್ತಿರಲಿಲ್ಲ.

ಅಮ್ಮ ಆಗ ರಾತ್ರಿಯೆಲ್ಲ ಸೀರೆಗಳಿಗೆ ಫಾಲ್ ಹೊಲಿದು ನನ್ನ ಫೀಸು ಕಟ್ಟುತ್ತಿದ್ದಳೆಂಬುದು ನನಗೆ ಗೊತ್ತು. ಆ ಕಥೆಗಳಲ್ಲಿ ಅವಳಿಗೆ ನಾನು ನ್ಯಾಯ ಮಾಡಿರಲಿಲ್ಲವೆಂಬುದೂ ಗೊತ್ತು. ಆದರೂ ಆ ಬೆಂಕಿಯನ್ನು ಮಾತ್ರ ಇನ್ನೂ ಕ್ಷಮಿಸಲಾಗಿಲ್ಲ, ಅಮ್ಮ. ಭಾನುವಾರ ಅವಳು ಬಂದಿದ್ದಳು. ಮೂರನೇ ಸಾಲಿನಲ್ಲಿ ಕುಳಿತು, ಪುಸ್ತಕ ತಿರುಗಿಸಿ ಬೆಲೆ ನೋಡಿ, ಚೀಲಕ್ಕೆ ಹಾಕಿಕೊಂಡು, ಕಾಫಿಗೂ ನಿಲ್ಲದೆ ಹೊರಟಳು. ಬಂದಿದ್ದಕ್ಕೆ ಅವಳಿಗೂ ಕೃತಜ್ಞಳು. ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳಾದೀತು.

ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಸಭೆ ಮುಗಿದ ಮೇಲೆ ಆ ಹಳೆಯ ಪುಸ್ತಕವನ್ನು ನನ್ನ ಕೈಗಿಟ್ಟರು. ರಿಬ್ಬನ್ ಸವೆದು ಅಂದು ಟೈಪಾಗದೆ ಉಳಿದ ನಾಲ್ಕು ಪುಟಗಳು ಅದರಲ್ಲಿವೆಯಂತೆ. ಅವುಗಳಲ್ಲಿ ಏನು ಹೇಳಿದ್ದೆನೋ ನನಗೆ ನೆನಪಿಲ್ಲ, ಓದಲೂ ಬಾರದು. ಈ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಅವರು ಓದಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ.