ಹೆಸರಿಟ್ಟವರು ಯಾರು? ಯುವ ಕಥೆಗಾರ್ತಿಗೆ ಒಂದು ಪತ್ರ

ಪ್ರೀತಿಯ ಕಥೆಗಾರ್ತಿಗೆ,

ನಮಸ್ಕಾರಗಳು. ನೀವು ಕಳಿಸಿದ ಕಥೆಯನ್ನು ಎರಡು ಬಾರಿ ಓದಿದೆ. ತುಂಗಭದ್ರಾ ಜಲಾಶಯದಲ್ಲಿ ಮುಳುಗಲಿರುವ ಊರಿನಿಂದ ಎತ್ತಿನ ಬಂಡಿಯಲ್ಲಿ ಹೊರಟ ಒಕ್ಕಲು ಕುಟುಂಬ, ಬಂಡಿ ಹತ್ತಲು ಒಪ್ಪದೆ ಅದರ ಹಿಂದೆ ನಡೆದೇ ಬರುವ ಮುದುಕಿ, ಅವಳು ಸೆರಗಿನಲ್ಲಿ ಕಟ್ಟಿಕೊಂಡಿರುವ ಒಲೆಯ ಮಣ್ಣು, ಇವೆಲ್ಲ ಕಣ್ಣಿಗೆ ಕಟ್ಟಿದಂತೆ ಉಳಿದಿವೆ. ಆದರೆ ಮುದುಕಿಯ ಹೆಸರು ವಸುಂಧರಾ, ಮಗನ ಹೆಸರು ಆದಿತ್ಯ, ಸೊಸೆಯ ಹೆಸರು ಧಾರಿಣಿ ಎಂದು ಬಂದಾಗಲೆಲ್ಲ ಆ ಬಂಡಿ ನನ್ನೊಳಗೆ ನಿಂತುಬಿಡುತ್ತಿತ್ತು. ಅಣೆಕಟ್ಟು ಪೂರ್ಣಗೊಂಡದ್ದು 1953ರಲ್ಲಿ. ನಿಮ್ಮ ಮುದುಕಿಗೆ ಆಗ ಎಪ್ಪತ್ತು ವರ್ಷವೆಂದರೆ ಅವಳು ಹುಟ್ಟಿದ್ದು 1880ರ ದಶಕದಲ್ಲಿ, ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿದ್ದ ಕೊಪ್ಪಳದ ಸೀಮೆಯಲ್ಲಿ. ಆ ಕಾಲದ ಆ ಮನೆಯಲ್ಲಿ ತೊಟ್ಟಿಲಿಗೆ ಹಾಕಿದ ಹೆಣ್ಣುಕೂಸಿನ ಕಿವಿಯಲ್ಲಿ ‘ವಸುಂಧರಾ’ ಎಂದು ಉಸುರಿದವರು ಯಾರು? ಈ ಪ್ರಶ್ನೆಗೆ ನಿಮ್ಮ ಕಥೆಯಲ್ಲಿ ಉತ್ತರವಿಲ್ಲ, ಏಕೆಂದರೆ ಆ ಹೆಸರನ್ನು ಇಟ್ಟವರು ನೀವು. ಭೂಮಿಯನ್ನು ಕಳೆದುಕೊಳ್ಳುವ ಹೆಣ್ಣಿಗೆ ಭೂಮಿಯ ಹೆಸರೇ ಇರಲಿ ಎಂದು ನಿಮಗೆ ತೋರಿತು.

ಪಾತ್ರಕ್ಕೆ ಹೆಸರು ಹುಡುಕುವ ಮೊದಲು ಆ ಹೆಸರಿಟ್ಟವರನ್ನು ಹುಡುಕಿ ಎಂಬುದೊಂದೇ ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವ ಮಾತು. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿದ ಕೂಡಲೇ ಸುತ್ತ ಕುಳಿತ ಹೆಂಗಸರು ಅವಳ ಬೆನ್ನಿಗೆ ಪ್ರೀತಿಯಿಂದ ಗುದ್ದುತ್ತಾರೆ. ನಿಮ್ಮ ಪಾತ್ರಕ್ಕೂ ಅಂಥ ಒಬ್ಬ ಸೋದರತ್ತೆ ಇರಲೇಬೇಕು. ಅವಳು ಕಥೆಯೊಳಗೆ ಕಾಣಿಸಿಕೊಳ್ಳಬೇಕೆಂದೇನೂ ಇಲ್ಲ. ಆದರೆ ಅವಳಿಗೆ ಯಾವ ದೇವರ ಮೇಲೆ ಭಕ್ತಿ, ಆ ವರ್ಷ ಮನೆಯಲ್ಲಿ ತೀರಿಕೊಂಡ ಹಿರಿಯರು ಯಾರು, ಹುಟ್ಟಿದ್ದು ಹೆಣ್ಣೆಂದು ತಿಳಿದಾಗ ಮನೆಯವರ ಮುಖ ಹೇಗಿತ್ತು ಎಂಬುದು ನಿಮಗೆ ಗೊತ್ತಿದ್ದರೆ ಹೆಸರು ತಾನಾಗಿ ಬರುತ್ತದೆ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನೀವು ಓದಿಯೇ ಇರುತ್ತೀರಿ. 1933ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಹೆಸರುಗಳನ್ನಷ್ಟೇ ಗಮನಿಸುತ್ತ ಇನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ತುಳುನಾಡಿನ ದಲಿತ ಸಮುದಾಯಗಳಲ್ಲಿ ಮಗು ಹುಟ್ಟಿದ ವಾರವೇ ಅದರ ಹೆಸರಾಗುವ ರೂಢಿಯಿತ್ತು. ಐತಾರ, ಅಂದರೆ ಭಾನುವಾರ, ಹುಟ್ಟಿದವನು ಐತ, ಸೋಮವಾರದವನು ಚೋಮ ಅಥವಾ ತೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ಚನಿಯ ಅಥವಾ ತನಿಯ. ಕಾದಂಬರಿಯಲ್ಲಿ ಚೋಮನ ಮಕ್ಕಳಲ್ಲಿ ಒಬ್ಬನು ಚನಿಯ, ಇನ್ನೊಬ್ಬನು ಗುರುವ. ದೇವರ ಗುಡಿಯೊಳಗೆ ಪ್ರವೇಶವಿಲ್ಲದ ಜನ ತಮ್ಮ ಮಕ್ಕಳಿಗೆ ಪಂಚಾಂಗದ ಒಂದು ದಿನವನ್ನು ಮಾತ್ರ ಕೊಡಬಲ್ಲವರಾಗಿದ್ದರು ಎಂಬುದನ್ನು ಕಾರಂತರು ಎಲ್ಲಿಯೂ ವಿವರಿಸಲು ನಿಲ್ಲುವುದಿಲ್ಲ. ಹೆಸರುಗಳೇ ಅದನ್ನು ಹೊತ್ತುಕೊಂಡಿವೆ. ಅದೇ ಕಥೆಯಲ್ಲಿ ಒಡೆಯನ ಹೆಸರು ಸಂಕಪ್ಪಯ್ಯ. ಒಂದೇ ಹೆಸರಿನ ತುದಿಯಲ್ಲಿ ‘ಅಪ್ಪ’ನೂ ‘ಅಯ್ಯ’ನೂ ಒಟ್ಟಿಗೆ ಕುಳಿತಿದ್ದಾರೆ, ಚೋಮನಿಗೆ ಎರಡರಲ್ಲಿ ಒಂದೂ ಇಲ್ಲ. ಕಾಫಿ ತೋಟದ ಮನ್ವೇಲನ ಹೆಸರಿನಲ್ಲಿ ಪೋರ್ಚುಗೀಸರಿಂದ ಬಂದು ಕರಾವಳಿಯ ಬಾಯಲ್ಲಿ ಪಳಗಿದ ಮಾನ್ಯುಯೆಲ್ ಇದ್ದಾನೆ. ಈ ಹೆಸರುಗಳನ್ನು ತೆಗೆದು ಚೋಮನನ್ನು ರಾಮಚಂದ್ರನನ್ನಾಗಿ, ಚನಿಯನನ್ನು ಸೂರ್ಯಕಾಂತನನ್ನಾಗಿ ಮಾಡಿದರೆ ಕಥೆಯ ಒಂದು ಘಟನೆಯೂ ಬದಲಾಗದೆ ಇಡೀ ಕಥೆ ಸುಳ್ಳಾಗುತ್ತದೆ.

ಇನ್ನು ನಿಮ್ಮ ಸೀಮೆಗೆ ಬರೋಣ. ಕನ್ನಡನಾಡಿನಲ್ಲಿ ಹೆಸರುಗಳು ಬೆಳೆಗಳ ಹಾಗೆ ಮಣ್ಣನ್ನು ನೋಡಿ ಬೆಳೆಯುತ್ತವೆ. ನಂಜುಂಡ ಎಂದರೆ ನಂಜನಗೂಡಿನ ಸುತ್ತಿನವನು, ಮಾದಪ್ಪ ಅಥವಾ ಮಾದೇಶ ಎಂದರೆ ಮಲೆ ಮಹದೇಶ್ವರನ ಒಕ್ಕಲು, ಚೆಲುವಯ್ಯ ಎಂದರೆ ಮೇಲುಕೋಟೆ, ಕೊಟ್ರೇಶ ಎಂದರೆ ಕೊಟ್ಟೂರು, ಗವಿಸಿದ್ದಪ್ಪ ಎಂದರೆ ಕೊಪ್ಪಳದ ಗವಿಮಠ ಎಂದು ಓದುಗರು ಅರೆಗಳಿಗೆಯಲ್ಲಿ ಊಹಿಸಿಬಿಡುತ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠದ ಭಕ್ತರ ಮನೆಯಲ್ಲಿ ಫಕೀರಪ್ಪ ಹುಟ್ಟುತ್ತಾನೆ. ನವಲಗುಂದ ತಾಲ್ಲೂಕಿನ ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗ ಒಂದು ಮನೆಯಲ್ಲಿ ಯಮನೂರಪ್ಪನಾದರೆ ಪಕ್ಕದ ಓಣಿಯಲ್ಲಿ ಯಮನೂರಸಾಬ ಆಗುತ್ತಾನೆ. ಒಂದೇ ಬೇರಿನ ಈ ಎರಡು ಹೆಸರುಗಳನ್ನು ಒಂದೇ ಕಥೆಯಲ್ಲಿ ತಂದರೆ, ಒಂದು ಊರು ಹೇಗೆ ಬದುಕಿತ್ತು ಎಂಬುದರ ಬಗ್ಗೆ ಎರಡು ಪುಟ ಬರೆಯುವ ಶ್ರಮ ಉಳಿಯುತ್ತದೆ.

ಇಲ್ಲಿ ಅವಸರದ ತೀರ್ಮಾನವೂ ಸಲ್ಲದು. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಸಾವಿನ ಕಣ್ಣು ಬೀಳದಿರಲೆಂದು ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುತ್ತಿದ್ದರು. ಆದರೆ ಚಿತ್ರದುರ್ಗದ ಕಡೆ ಸಿಗುವ ತಿಪ್ಪೇಸ್ವಾಮಿಗಳೆಲ್ಲ ಹಾಗೆ ಬದುಕಿ ಉಳಿದವರಲ್ಲ. ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿ. ನನ್ನ ದೊಡ್ಡಮ್ಮನ ಹೆಸರು ಸಾಕಮ್ಮ. ಅವಳು ನಾಲ್ಕನೆಯ ಹೆಣ್ಣುಮಗು. ‘ಇನ್ನು ಸಾಕು’ ಎಂದು ದೇವರಿಗೆ ಸಲ್ಲಿಸಿದ ಅರ್ಜಿಯೇ ತನ್ನ ಹೆಸರು ಎಂಬುದು ಅವಳಿಗೆ ಗೊತ್ತಿತ್ತು, ಎಂಬತ್ತು ವರ್ಷ ಆ ಹೆಸರಿಗೆ ಓಗೊಟ್ಟಳು. ಇಂಥ ಹೆಸರಿನ ಪಾತ್ರವನ್ನು ಬರೆಯುವವರು ಅದರ ಅರ್ಥವನ್ನು ಓದುಗರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಆ ಅರ್ಥ ಅವಳಿಗೆ ಗೊತ್ತಾದ ದಿನ ಯಾವುದು ಎಂಬುದು ಮಾತ್ರ ಬರೆಯುವವರಿಗೆ ತಿಳಿದಿರಬೇಕು.

ನಾನೂ ಈ ವಿಷಯದಲ್ಲಿ ತಪ್ಪಿದ್ದೇನೆ. ನಾನು ಹಳೇ ಮೈಸೂರಿನ ಕಡೆಯವನು. ನನ್ನ ಆರಂಭದ ಕಥೆಯೊಂದು ಗದಗಿನ ಬಳಿಯ ಹಳ್ಳಿಯಲ್ಲಿ ನಡೆಯುತ್ತದೆ, ಅದರ ನಾಯಕಿಗೆ ನಾನು ಬಸಮ್ಮ ಎಂದು ಹೆಸರಿಟ್ಟಿದ್ದೆ. ಅವಳ ಗಂಡನಿಗೆ ನಮ್ಮ ಕಡೆಯ ರೂಢಿಯಂತೆ ಎರಡು ಇನಿಷಿಯಲ್ ಕೊಟ್ಟಿದ್ದೆ. ಪತ್ರಿಕೆಯಲ್ಲಿ ಅದನ್ನು ಓದಿದ ಆ ಭಾಗದ ಹಿರಿಯ ಓದುಗರೊಬ್ಬರು ಕಾರ್ಡು ಬರೆದು, ತಮ್ಮ ಕಡೆ ಅವಳು ಬಸವ್ವ ಆಗುತ್ತಾಳೆಂದೂ, ಗಂಡನಿಗೆ ಇನಿಷಿಯಲ್ ಬದಲು ಒಂದು ಅಡ್ಡಹೆಸರು ಇರಬೇಕೆಂದೂ ತಿಳಿಸಿದರು. ಒಂದು ಅಕ್ಷರದ ವ್ಯತ್ಯಾಸವೆಂದು ಮೊದಲು ಅನ್ನಿಸಿತು. ಆಮೇಲೆ ‘ಬಸವ್ವ’ ಎಂದು ತಿದ್ದಿ ಓದಿದಾಗ ಅವಳ ಮಾತುಗಳೂ ತಿದ್ದುಪಡಿ ಬೇಡಿದವು, ಅವಳು ಗಂಡನಿಗೆ ಉತ್ತರ ಕೊಡುವ ರೀತಿಯೇ ಬೇರೆಯಾಯಿತು, ಕೊನೆಗೆ ಕಥೆಯನ್ನು ಮೊದಲಿನಿಂದ ಬರೆಯಬೇಕಾಯಿತು. ಅಡ್ಡಹೆಸರುಗಳ ಲೋಕ ನನಗೆ ತೆರೆದದ್ದು ಆಗಲೇ. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಬಡಿಗೇರ, ಪತ್ತಾರ, ಹೊಸಮನಿ, ಬಾವಿಕಟ್ಟಿ: ಒಂದೊಂದರಲ್ಲೂ ವ್ಯಾಪಾರವೋ ಕಸುಬೋ ಮನೆಯಿದ್ದ ಜಾಗವೋ ಇದೆ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬಂದು, ತಂದೆಯ ಹೆಸರು ನಡುವೆ ನಿಂತು, ತನ್ನ ಹೆಸರು ಕೊನೆಗೆ ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ಮುಂದಿರುವ ‘ಕೆ.ಎಂ.’ ಎಂದರೆ ಕೋದಂಡೇರ ಎಂಬ ಒಕ್ಕ ಮತ್ತು ಮಾದಪ್ಪ ಎಂಬ ತಂದೆ. ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಮನೆತನ ಅಡಗಿರುತ್ತದೆ ಎಂಬುದು ತಿಳಿದಿಲ್ಲದವರು ಕೊಡವ ಪಾತ್ರವೊಂದಕ್ಕೆ ಅಂದಾಜಿನ ಮೇಲೆ ಇನಿಷಿಯಲ್ ಕೊಡಬಾರದು.

ಹೆಸರಿಟ್ಟವರು ಸಿಕ್ಕಮೇಲೆ ಕರೆಯುವವರನ್ನು ಗಮನಿಸಿ. ನಮ್ಮ ಮನೆಗಳಲ್ಲಿ ಇಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು. ಕಾರಂತರದೇ ‘ಮರಳಿ ಮಣ್ಣಿಗೆ’ಯಲ್ಲಿ ಲಕ್ಷ್ಮೀನಾರಾಯಣನು ಲಚ್ಚನಾಗಿ ಬೆಳೆಯುತ್ತಾನೆ, ಸರಸ್ವತಿ ಸರಸೋತಿಯಾಗಿ, ಪಾರ್ವತಿ ಪಾರೋತಿಯಾಗಿ ಬಾಳುತ್ತಾರೆ, ರಾಮ ಐತಾಳರ ಮೊಮ್ಮಗನು ಮತ್ತೆ ರಾಮನೇ ಆಗುತ್ತಾನೆ. ಅಜ್ಜನ ಹೆಸರು ಮೊಮ್ಮಗನಿಗೆ ದಾಟುವ ಈ ರೂಢಿ ಗೊತ್ತಿದ್ದವರಿಗೆ ಮೂರು ತಲೆಮಾರಿನ ಕಥೆಯ ಕಟ್ಟಡವೇ ಅದರಲ್ಲಿ ಕಾಣಿಸುತ್ತದೆ. ನಿಮ್ಮ ಕಥೆಯಲ್ಲಿ ಸೊಸೆ ತನ್ನ ಗಂಡನನ್ನು ‘ಆದಿತ್ಯ’ ಎಂದು ಮೂರು ಕಡೆ ಹೆಸರು ಹಿಡಿದು ಕೂಗುತ್ತಾಳೆ. ಆ ಕಾಲದ ಆ ಹೆಣ್ಣು ಮದುವೆಯ ದಿನ ಹಿರಿಯರು ಒತ್ತಾಯಿಸಿದಾಗ ಒಡಪಿನಲ್ಲಿ ಸೇರಿಸಿ ಒಮ್ಮೆ ಅವನ ಹೆಸರು ಹೇಳಿರುತ್ತಾಳೆ, ಅಷ್ಟೇ. ಆಮೇಲೆ ಜೀವಮಾನವಿಡೀ ‘ಇವರು’, ‘ನಮ್ಮ ಮನಿಯವರು’, ಇಲ್ಲವೆ ಮಗನ ಹೆಸರು ಹೇಳಿ ‘ಅವರ ಅಪ್ಪ’. ಹಾಗಾದರೆ ಅವಳ ಮನಸ್ಸಿನೊಳಗಿಂದ ನಿರೂಪಿಸುವ ಭಾಗದಲ್ಲಿ ಗಂಡನ ಹೆಸರು ಒಮ್ಮೆಯೂ ಬರಬಾರದು. ಇದನ್ನು ಪಾಲಿಸುವುದು ಕಷ್ಟ, ವಾಕ್ಯಗಳು ತೊಡರುತ್ತವೆ. ಆದರೆ ನದಿ ಏರುತ್ತಿರುವ ರಾತ್ರಿ ಅವನು ಎಲ್ಲಿಯೂ ಕಾಣದಿದ್ದಾಗ ಅವಳ ಬಾಯಿಂದ ಮೊದಲ ಬಾರಿಗೆ ಆ ಹೆಸರು ಹೊರಟರೆ ಏನಾಗುತ್ತದೆಂದು ಯೋಚಿಸಿ ನೋಡಿ. ಅಂಥ ಒಂದು ಗಳಿಗೆಯನ್ನು ನೀವು ಮೊದಲ ಪುಟದಲ್ಲೇ ಖರ್ಚು ಮಾಡಿದ್ದೀರಿ.

ನಿರೂಪಕನೂ ಕರೆಯುವವರಲ್ಲಿ ಒಬ್ಬನೇ. ಕನ್ನಡದಲ್ಲಿ ‘ಬಂದನು’ ಎನ್ನುವುದಕ್ಕೂ ‘ಬಂದರು’ ಎನ್ನುವುದಕ್ಕೂ ನಡುವೆ ಒಂದು ತೀರ್ಮಾನವಿದೆ. ನಿಮ್ಮ ಕಥೆಯ ಪಟೇಲರು ಬರುತ್ತಾರೆ, ಜೀತದ ಆಳು ಬರುತ್ತಾನೆ. ಇಬ್ಬರಿಗೂ ವಯಸ್ಸು ಅರುವತ್ತು. ಇದು ನೀವು ಬೇಕೆಂದೇ ಮಾಡಿದ್ದಾದರೆ ಸರಿ, ಅಭ್ಯಾಸಬಲದಿಂದ ಆದದ್ದಾದರೆ ತಿದ್ದಿ. ಹಾಗೆಯೇ ಜಾತಿ ಗೊತ್ತಾಗದಿರಲೆಂದು ಎಲ್ಲ ಪಾತ್ರಗಳಿಗೂ ಬೇರಿಲ್ಲದ ಹೆಸರುಗಳನ್ನು ಇಡುವ ಪದ್ಧತಿ ಈಚೆಗೆ ಹೆಚ್ಚುತ್ತಿದೆ. ಅದರ ಹಿಂದಿನ ಸದಾಶಯವನ್ನು ಗೌರವಿಸುತ್ತೇನೆ, ಪದ್ಧತಿಯನ್ನು ಒಪ್ಪಲಾರೆ. ಊರಿನಲ್ಲಿ ಜಾತಿ ಇದ್ದು ಹೆಸರಿನಲ್ಲಿ ಇಲ್ಲವಾದರೆ ಅನ್ಯಾಯ ಮಾಡಿದವರಿಗೆ ಅಡಗಲು ಜಾಗ ಸಿಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಕಥೆಯಲ್ಲಿ ಕೆಡುಕು ಮಾಡುವವನಿಗೆ ಪ್ರತಿಸಲವೂ ಒಂದೇ ಸಮುದಾಯದ ಹೆಸರು ನಮ್ಮ ಲೇಖನಿಗೆ ಬರುತ್ತಿದ್ದರೆ, ಅಲ್ಲಿ ತಿದ್ದಬೇಕಾದದ್ದು ಬರೆಯುವವರ ಮನಸ್ಸು.

ಕಿವಿಯ ವಿಷಯವಾಗಿ ಒಂದೆರಡು ಮಾತು. ಹೆಸರನ್ನು ನಿರ್ಧರಿಸುವ ಮೊದಲು ವಿಭಕ್ತಿಗಳಲ್ಲಿ ಓಡಿಸಿ ನೋಡಿ. ಹುಲಿಗೆವ್ವನಿಗೆ, ಹನುಮಪ್ಪನಿಂದ, ಗೌರಿಯ ಎಂದು ನಾಲಿಗೆ ಸಲೀಸಾಗಿ ಹೊರಳುತ್ತದೆ. ವ್ಯಂಜನದಲ್ಲಿ ನಿಲ್ಲುವ ಹೊಸ ಹೆಸರುಗಳು ಪ್ರತಿ ವಾಕ್ಯದಲ್ಲೂ ಎಡವಿಸುತ್ತವೆ. ‘ರಾಹುಲ್‌ನಿಗೆ’ ಬರೆಯಬೇಕೋ ‘ರಾಹುಲನಿಗೆ’ ಬರೆಯಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಕೊನೆಯವರೆಗೆ ಅದನ್ನೇ ಪಾಲಿಸಬೇಕು. ರಮೇಶ, ಸುರೇಶ, ಮಹೇಶ ಮೂವರೂ ಒಂದೇ ಕಥೆಯಲ್ಲಿದ್ದರೆ ಓದುಗರು ಪುಟ ತಿರುಗಿಸಿ ಹಿಂದಕ್ಕೆ ಹೋಗಬೇಕಾಗುತ್ತದೆ. ಇಷ್ಟು ಸಾಕು, ಉಳಿದದ್ದನ್ನು ಗಟ್ಟಿಯಾಗಿ ಓದುವಾಗ ನೀವೇ ಕಂಡುಕೊಳ್ಳುವಿರಿ.

ನಿಮ್ಮ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ದೃಶ್ಯಕ್ಕೆ ಈಗ ಬರುತ್ತೇನೆ. ಗುಮಾಸ್ತನು ಪರಿಹಾರದ ಪಟ್ಟಿಯನ್ನು ಹಿಡಿದು ಚಾವಡಿಯಲ್ಲಿ ಹೆಸರು ಕೂಗುತ್ತಾನೆ. ನೀವು ‘ಎಲ್ಲರ ಹೆಸರನ್ನೂ ಕೂಗಿದನು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಆ ಭಾಗದ ಕಾಗದಪತ್ರಗಳಲ್ಲಿ ಹೆಸರು ಬರೆಯುವ ಕ್ರಮ ನಿಮಗೆ ಗೊತ್ತಿರಬಹುದು: ‘ಹನುಮಪ್ಪ ತಂದೆ ಯಮನೂರಪ್ಪ’, ‘ಹುಲಿಗೆಮ್ಮ ಗಂಡ ದುರುಗಪ್ಪ’. ಗಂಡ ತೀರಿಕೊಂಡು ಮೂವತ್ತು ವರ್ಷವಾಗಿದ್ದರೂ ಕಾಗದದಲ್ಲಿ ಅವಳ ಹೆಸರು ಅವನ ಹೆಸರಿಗೆ ಕಟ್ಟಿಕೊಂಡೇ ಇರುತ್ತದೆ. ಊರೆಲ್ಲ ‘ದೊಡ್ಡವ್ವ’ ಎಂದು ಕರೆಯುವ ಮುದುಕಿ, ಬೇರೆಯವರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿ ಮರೆತೇಹೋದ ತನ್ನ ಹೆಸರನ್ನು ಗುಮಾಸ್ತ ಕೂಗಿದಾಗ ಅದು ತಾನೇ ಎಂದು ಗುರುತಿಸದೆ ಸುಮ್ಮನೆ ಕುಳಿತಿರಬಹುದು. ಪಕ್ಕದವರು ಮೊಣಕೈಯಿಂದ ತಿವಿಯಬೇಕಾಗಬಹುದು. ನೀವು ಒಲೆಯ ಮಣ್ಣಿನಿಂದ ಹೇಳಿಸಲು ಯತ್ನಿಸಿದ್ದನ್ನು ಆ ಮೌನ ಇನ್ನೂ ನೇರವಾಗಿ ಹೇಳುತ್ತದೆ ಎಂದು ನನ್ನ ಭಾವನೆ.

ಹುಲಿಗೆಮ್ಮ ಎಂಬ ಹೆಸರನ್ನು ನಾನು ಸುಮ್ಮನೆ ಬಳಸಲಿಲ್ಲ. ಹುಲಿಗಿಯ ದೇವಿಯ ಗುಡಿ ಅಣೆಕಟ್ಟಿಗೆ ಹತ್ತಿರದಲ್ಲೇ, ಅದೇ ತುಂಗಭದ್ರೆಯ ದಡದಲ್ಲಿದೆ. ಆ ಸೀಮೆಯ ಅದೆಷ್ಟೋ ಹೆಣ್ಣುಮಕ್ಕಳು ಆ ತಾಯಿಯ ಹೆಸರು ಹೊತ್ತವರು. ಮುದುಕಿಗೆ ಆ ಹೆಸರಿದ್ದರೆ, ಅವಳ ಊರು ನೀರಿನಡಿ ಹೋದರೂ ಅವಳ ಹೆಸರಿನ ದೇವಿ ದಡದಲ್ಲೇ ಉಳಿದಿದ್ದಾಳೆ ಎಂಬುದನ್ನು ನೀವು ಬರೆಯದಿದ್ದರೂ ಅಲ್ಲಿಯ ಓದುಗರಿಗೆ ಕಾಣುತ್ತದೆ. ಆದರೆ ಇದನ್ನು ನನ್ನ ಮಾತಿನ ಮೇಲೆ ಇಡಬೇಡಿ. ಹಾಗೆ ಮಾಡಿದರೆ ವಸುಂಧರಾ ಎಂದು ಇಟ್ಟದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಮುಳುಗಡೆಯ ಊರಿನಿಂದ ಎದ್ದು ಬಂದವರು ನಿಮ್ಮ ಬಳಗದಲ್ಲೇ ಇನ್ನೂ ಇಬ್ಬರಿದ್ದಾರೆ ಎಂದು ಬರೆದಿದ್ದೀರಿ. ಅವರ ಬಳಿ ಹೋಗಿ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಅವರ ಅವ್ವಂದಿರ ಹೆಸರೇನು, ಅದನ್ನು ಇಟ್ಟವರು ಯಾರು, ತವರಿನಲ್ಲಿ ಏನೆಂದು ಕರೆಯುತ್ತಿದ್ದರು, ಬಂಡಿ ಹೊರಟ ದಿನ ಓಣಿಯಲ್ಲಿ ಯಾರು ಯಾರನ್ನು ಏನೆಂದು ಕೂಗಿದರು ಎಂದು ಕೇಳಿ ಬರೆದುಕೊಳ್ಳಿ. ಆ ಹೆಸರುಗಳನ್ನು ಹಾಗೆಯೇ ಕಥೆಗೆ ಎತ್ತಿ ಹಾಕದೆ ನಾಲ್ಕು ದಿನ ನಿಮ್ಮೊಳಗೆ ಓಡಾಡಲು ಬಿಡಿ.

ತಿದ್ದಿದ ಪ್ರತಿ ಬಂದಾಗ ಮೊದಲು ಚಾವಡಿಯ ದೃಶ್ಯವನ್ನೇ ತೆರೆದು ಓದುತ್ತೇನೆ.

ನಿಮ್ಮ ವಿಶ್ವಾಸದ,
ಹಿರಿಯ ಮಿತ್ರ